ಲಾಳಿ ಲೆಕ್ಕ

ಶಾಕಂಬರಿ ಕಂಡಿಕಿ ಸುತ್ತಾಕ ಬರೋವಾಗ
ಪುಸ್ತಕದ ಚೀಲಾನೂ ತರ್ತಾಳ.
ಒಂದ ಕೈ ರಾಟಿಮ್ಯಾಲ, ಗಣಿತ ತೊಡಿಮ್ಯಾಲ.
ಬೆಟಗೇರಿಯೊಳಗ ಹಿಂಗ ಓದಿದವರು ಭಾಳ ಮಂದಿ,
ಪಾಸಾದವರ ಲೆಕ್ಕ ಯಾರೂ ಇಟ್ಟಿಲ್ಲ.

ನಿನ್ನೆ ಕೇಳಿದಳು:
"ಬನವ್ವಾಯೀ, ಆಕ್ಲಂಡಿನಿಂದ ಸಾಂತಿಯಾಗೋಕ್ಕ
ಒಂಬತ್ತು ಸಾವಿರದ ಆರನೂರಾ ಎಂಬತ್ತು ಕಿಲೋಮೀಟರು.
ತಾಸಿಗೆ ಎಂಟನೂರಾ ಎಂಬತ್ತು ಓಡತೈತಿ ವಿಮಾನ.
ಎಷ್ಟ ತಾಸು?"

ಕುಣಿಯೊಳಗ ಕಾಲ ಇಳಿಬಿಟ್ಟು ಕುಂತಿದ್ದೆ.
"ಎಲ್ಲಿ ಅದಾವ ಆ ಊರು?"
"ಒಂದು ಸಮುದ್ರದ ಈ ದಂಡಿಗೆ, ಒಂದು ಆ ದಂಡಿಗೆ.
ನಡುವ ಏನೂ ಇಲ್ಲ. ಬರೇ ನೀರು."
ಭಾಗಿಸಿದಳು. ಹನ್ನೊಂದು. ಶೇಷ ಸೊನ್ನೆ.
ಅಷ್ಟ ಚೊಲೊ ಲೆಕ್ಕ
ನನ್ನ ಜನ್ಮದಾಗ ಒಂದೂ ಬಿದ್ದಿಲ್ಲ.

ರಾತ್ರಿ ನಿದ್ದಿ ಹತ್ತಲಿಲ್ಲ. ನಾನೂ ಹಾಕಿದೆ ಲೆಕ್ಕ,
ಬೆರಳಿನ ಗೆಣ್ಣಿನ ಮ್ಯಾಲ.
ಲಾಳಿ ಒಮ್ಮೆ ದಾಟಿದರ ಒಂದೂವರಿ ಗಜ.
ಇಂಚಿಗೆ ಅರವತ್ತು ಹೊಕ್ಕು.
ಆರು ಗಜದ ಸೀರಿ ಮುಗಿಯೂದರಾಗ
ಹದಿನೆಂಟು ಕಿಲೋಮೀಟರು ಓಡಿರತೈತಿ ಅದು,
ಅಂದರ ಲಕ್ಕುಂಡಿಗೆ ಹೋಗಿ
ಅರ್ಧಾ ದಾರಿ ತಿರುಗಿ ಬಂದಂಗ.
ಒಂಬತ್ತನೂರು ಕೊಡತಾನ ಮಾಲಕ ಒಂದ ಸೀರಿಗೆ:
ಕಿಲೋಮೀಟರಿಗೆ ಐವತ್ತು.
ಟೇಶನ್ನಿಗೆ ಹೋಗೂ ಆಟೋದವ ಕೇಳಿದರ
ನಗತಾನ.

ಮೂರು ದಿನಕ್ಕ ಒಂದು ಸೀರಿ.
ಅಮಾಸಿ, ಹಬ್ಬ, ಮೊಣಕಾಲು ನೋವು,
ನೂಲು ಬರಲಾರದ ವಾರ, ಸತ್ತವರ ಮನಿಗೆ ಹೋದ ದಿನ,
ಎಲ್ಲಾ ಕಳದರ
ಆ ಸಮುದ್ರ ದಾಟಾಕ ನನಗ ಬೇಕು
ಐದು ವರ್ಷಕ್ಕೂ ಒಂದ ನಾಲ್ಕು ತಿಂಗಳ ಜಾಸ್ತಿ.
ನಲವತ್ತು ವರ್ಷಾತು ಕುಂತು.
ಏಳು ಸಲ ದಾಟೀನಿ, ಎಂಟನೇದರಾಗ ಅದೀನಿ.
ಒಮ್ಮೆನೂ ನೀರ ನೋಡಲಿಲ್ಲ.

ಬಣ್ಣದ ಮಕ್ತುಮಸಾಬ ಹಜ್ಜಿಗೆ ಹೋಗಿ ಬಂದಾನ.
ಅವನ್ನ ಕೇಳಿದೆ: "ಹೆಂಗ ಇರತೈತಿ, ಅಷ್ಟ ಜೋರು ಹೋಗೂದು?"
ಕೈ ಇನ್ನೂ ನೀಲಿ ಇತ್ತು, ಮೊಣಕೈತನಕ.
"ಏನೂ ಗೊತ್ತಾಗೂದಿಲ್ಲ, ಅವ್ವಾ.
ಒಂದ ಜಗಾದಾಗ ಕುಂತಂಗನ ಇರತೈತಿ.
ಕಾಲ ಜೋಮು ಹಿಡೀತಾವ.
ಕಿವಿಯೊಳಗ ಒಂದ ಸಪ್ಪಳ, ಬಿಡಲಾರದ ಸಪ್ಪಳ."
ನಾ ಸುಮ್ಮನಾದೆ.
ಹಂಗಾರ ನಾ ಬಲ್ಲೆ ಅದನ್ನ.

ಇವತ್ತ ಶಾಕಂಬರಿ ಸಿಟ್ಟಿನಿಂದ ಬಂದಳು.
ಎರಡನೇ ಪ್ರಶ್ನೆ ತಪ್ಪಾಗೇತಿ.
ವಿಮಾನ ಸಂಜಿ ಆರಕ್ಕ ಬಿಟ್ಟರ
ಆ ದಂಡಿ ಎಷ್ಟಕ್ಕ ಮುಟ್ಟತೈತಿ?
ಮುಂಜಾನೆ ಐದು ಅಂತ ಬರದಿದ್ದಳು.
ಪುಸ್ತಕದ ಹಿಂದ ಉತ್ತರ:
ಅದ ದಿನ ಮಧ್ಯಾಹ್ನ ಒಂದು.

"ಬಿಡೂಕಿಂತ ಮೊದಲ ಮುಟ್ಟತಾರೇನು?
ಪುಸ್ತಕಾನ ತಪ್ಪೈತಿ!"
ಮಾಸ್ತರು ಸೂರ್ಯಾನ ಕಥಿ ಹೇಳಿದರಂತ,
ನೀರ ಮ್ಯಾಲ ಒಂದು ಗೆರಿ,
ದಾಟಿದರ ತಾರೀಖು ಹಿಂದಕ್ಕ ಜಾರತೈತಿ ಅಂತ.
ಆಕಿ ನಂಬಲಿಲ್ಲ.

ನನಗ ನಗಿ ಬಂತು.
"ತಪ್ಪಲ್ಲ ಬಿಡವಾ. ಈ ಹಾಸು ನೋಡು,
ಇನ್ನೂ ಗೇಣುದ್ದನೂ ನೇಯ್ದಿಲ್ಲ.
ಇದರ ಮುಂಗಡ ಹೋದ ತಿಂಗಳನ ಮಾಲಕನ ಕಡೆ ತಂದು
ಜ್ವಾಳ, ಗ್ಯಾಸು, ಹಲ್ಲಿನ ಡಾಕ್ಟರು, ಮುಗಿಸಿಬಿಟ್ಟೀನಿ.
ಹೊಂಡೂಕಿಂತ ಮೊದಲ
ಮುಟ್ಟಿದವರು ನಾವೂ ಅದೀವಿ."

ಆಕಿ ನಗಲಿಲ್ಲ. ಹನ್ನೊಂದು ವರ್ಷದಾಕಿ,
ಮಾರ್ಕು ಹೋಗಿತ್ತು.
ಸ್ವಲ್ಪ ಹೊತ್ತು ರಾಟಿ ಒಂದ ಮಾತಾಡಿತು.
ಆಮ್ಯಾಲ ತಲಿ ಎತ್ತಲಾರದನ ಕೇಳಿದಳು:
"ಆಯೀ, ನೀ ಈಗ ಎಲ್ಲಿ ಬಂದಿ?"

ಕಾಲ ಕೆಳಗ ಕುಣಿ ಮಣ್ಣು ತಂಪಿತ್ತು, ಪಸಿ ಒಡದಿತ್ತು.
"ನಟ್ಟ ನಡುವ," ಅಂದೆ,
"ಸುತ್ತಲೂ ಏನೂ ಕಾಣವಲ್ದು.
ಆ ಕೆಂಪ ಕಂಡಿಕಿ ಕೊಡು, ಇದು ಮುಗೀತು."